ಗರಸುಹಾದಿ ಮತ್ತು ಬೈಸಿಕಲ್ಲು

ಹಾದಿಯೆಂದರೆ ಟಾರು ಹಾಕಿದ ಹಾದಿಯೇ ಎಂಬ ಭಾವನೆ ಇಂದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದೆ. ಟಾರು ಕಾಣದ ಊರನ್ನು ಹಿಂದುಳಿದ ಊರೆಂದೂ, ಗರಸು ಹಾಸಿದ ಹಾದಿಯನ್ನು ಇನ್ನೂ ಪೂರ್ಣಗೊಳ್ಳದ ಹಾದಿಯೆಂದೂ ನಾವು ಎಣಿಸುತ್ತೇವೆ. ಹೀಗಿರುವಲ್ಲಿ, ಯೂರೋಪು ಮತ್ತು ಅಮೆರಿಕಾ ಖಂಡಗಳಲ್ಲಿ ನುಣುಪಾದ ರಸ್ತೆಗಳನ್ನು ಬಿಟ್ಟು, ತಮ್ಮ ಸ್ವಂತ ಹಣವನ್ನು ವೆಚ್ಚಮಾಡಿ, ಗರಸುಹಾದಿಗಳನ್ನೇ ಹುಡುಕಿಕೊಂಡು ಹೋಗಿ ಬೈಸಿಕಲ್ಲು ತುಳಿಯುವ ಜನರು ಸಹಸ್ರಾರು ಸಂಖ್ಯೆಯಲ್ಲಿದ್ದಾರೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಆ ಸವಾರಿ ಎಂಥದು, ಅದು ದ್ರಾಕ್ಷಿಯ ಸೀಮೆಗಳನ್ನೂ ಕಾಡಿನ ತಪ್ಪಲುಗಳನ್ನೂ ಏಕೆ ಆರಿಸಿಕೊಂಡಿತು, ಗೆಟ್ಟವಾಡಿಯೇ ಮೊದಲಾದ ನಮ್ಮ ತಾಳವಾಡಿ ಸೀಮೆಯ ಊರುಗಳಿಗೆ ಅದರಿಂದ ತಿಳಿಯತಕ್ಕುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಹಾದಿ, ಹೊಸ ಸವಾರರು

ಬೈಸಿಕಲ್ಲಿನ ಚರಿತ್ರೆಯು ಹಾದಿಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗುವ ಎರಡು ಚಕ್ರದ ಯಂತ್ರವನ್ನು ಮಾಡಿದನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಮೆ ಸಮಗಾತ್ರದ ಎರಡು ಚಕ್ರಗಳೂ ಹಿಂಬದಿಯ ಚಕ್ರಕ್ಕೆ ಸರಪಣಿಯೂ ಇರುವ 'ರೋವರ್' ಬೈಸಿಕಲ್ಲನ್ನು ರೂಪಿಸಿದನು. ಇಂದಿನ ಬೈಸಿಕಲ್ಲುಗಳೆಲ್ಲ ಅದರ ಸಂತಾನವೇ ಸರಿ. ಮೂರು ವರ್ಷಗಳ ನಂತರ, 1888ರಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಬಂಡಿಯು ಒರಟು ನೆಲದ ಮೇಲೆ ಕುಲುಕುವುದನ್ನು ತಪ್ಪಿಸಲು ಗಾಳಿ ತುಂಬಿದ ರಬ್ಬರಿನ ಟೈರಿಗೆ ಪೇಟೆಂಟು ಪಡೆದನು. ಹೀಗೆ ಗಾಳಿಯ ಟೈರು ಹುಟ್ಟಿದ್ದೇ ಕೆಟ್ಟ ಹಾದಿಯ ದೆಸೆಯಿಂದ.

ನುಣುಪಾದ ರಸ್ತೆ ಬೇಕೆಂದು ಮೊದಲು ಸಂಘ ಕಟ್ಟಿ ಕೂಗೆಬ್ಬಿಸಿದವರೂ ಮೋಟಾರಿನವರಲ್ಲ, ಬೈಸಿಕಲ್ಲಿನವರೇ. ಅಮೆರಿಕಾದಲ್ಲಿ 1880ರಲ್ಲಿ ಸ್ಥಾಪಿತವಾದ ಸವಾರರ ಸಂಘವೂ, ಬ್ರಿಟನ್ನಿನಲ್ಲಿ 1886ರಲ್ಲಿ ಸವಾರರೇ ಹುಟ್ಟುಹಾಕಿದ ರಸ್ತೆ ಸುಧಾರಣಾ ಸಂಘವೂ ಸರ್ಕಾರಗಳನ್ನು ಎಡೆಬಿಡದೆ ಒತ್ತಾಯಿಸಿದುವು. ರಸ್ತೆಗಳು ಕ್ರಮೇಣ ಸುಧಾರಿಸಿದುವು. ಆದರೆ ಆ ರಸ್ತೆಗಳನ್ನು ಮೋಟಾರುಗಳು ಆಕ್ರಮಿಸಿದುವು; ಬೈಸಿಕಲ್ಲು ಅಂಚಿಗೆ ಸರಿಯಿತು. ತಾನು ಬೇಡಿ ಪಡೆದ ರಸ್ತೆಯಲ್ಲಿ ತನಗೇ ಎಡೆಯಿಲ್ಲದಂತಾದಾಗ, ಸವಾರನ ದೃಷ್ಟಿಯು ಮೋಟಾರು ಬಾರದ ಹಳೆಯ ಹಾದಿಗಳ ಕಡೆಗೆ ತಿರುಗಿದ್ದು ಸಹಜವೇ ಆಗಿದೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಇಟಲಿ ದೇಶದ ಟಸ್ಕನಿ ಪ್ರಾಂತದ ಕಿಯಾಂತಿ ಸೀಮೆಯಲ್ಲಿದೆ. ಅಲ್ಲಿನ ಗುಡ್ಡಗಳ ಮೈಮೇಲೆಲ್ಲ ದ್ರಾಕ್ಷಿತೋಟಗಳು. ತೋಟಗಳ ನಡುವೆ ಸುಣ್ಣಕಲ್ಲಿನ ಪುಡಿಯಿಂದ ಬೆಳ್ಳಗೆ ಕಾಣುವ ಹಾದಿಗಳು. ಅವುಗಳಿಗೆ ಅಲ್ಲಿಯವರು 'ಬಿಳಿಯ ಹಾದಿ'ಗಳೆಂದೇ ಹೆಸರಿಟ್ಟಿದ್ದಾರೆ. ಈ ಹಾದಿಗಳು ಒಂದೊಂದಾಗಿ ಟಾರಿನ ಕೆಳಗೆ ಮುಚ್ಚಿಹೋಗುತ್ತಿರುವುದನ್ನು ಕಂಡು, 1997ರಲ್ಲಿ ಜಾನ್‌ಕಾರ್ಲೊ ಬ್ರೊಚ್ಚಿ ಎಂಬವರು ಗಾಯೊಲೆ ಎಂಬ ಊರಿನಲ್ಲಿ 'ಲೆರೊಯಿಕಾ' ಎಂಬ ಸವಾರಿಯನ್ನು ಏರ್ಪಡಿಸಿದರು. ಹಳೆಯ ಕಾಲದ ಬೈಸಿಕಲ್ಲುಗಳಲ್ಲಿಯೇ ಸವಾರಿ ಮಾಡಬೇಕೆಂಬುದು ಅದರ ನಿಯಮ. ಮೊದಲ ವರ್ಷ ಸೇರಿದವರು 92 ಮಂದಿ. ಇಂದು ನಾನಾ ದೇಶಗಳಿಂದ ಸಾವಿರಾರು ಮಂದಿ ಬರುತ್ತಾರೆ. 2007ರಿಂದ ಅದೇ ಸೀಮೆಯಲ್ಲಿ, ಆ ಬಿಳಿಯ ಹಾದಿಗಳ ಹೆಸರನ್ನೇ ಹೊತ್ತ ವೃತ್ತಿಪರ ಸವಾರರ ಪಂದ್ಯವೂ ನಡೆಯುತ್ತಿದೆ. 2022ರಲ್ಲಿ ಗರಸುಹಾದಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ಪಂದ್ಯವು ಇಟಲಿಯ ವೆನೆಟೊ ಪ್ರಾಂತದಲ್ಲಿ ಜರುಗಿತು. ಮಣ್ಣಿನ ಹಾದಿಯೂ ಒಂದು ಆಸ್ತಿಯೆಂದು ಜನ ಮನಗಂಡಿದ್ದು ಹೀಗೆ.

ದ್ರಾಕ್ಷಿಯ ಸೀಮೆಯೇ ಏಕೆ?

ದ್ರಾಕ್ಷಿಬಳ್ಳಿಯ ಬೇರಿಗೆ ನಿಂತ ನೀರು ಆಗದು. ಆದುದರಿಂದ ಅದನ್ನು ನೀರು ಬಸಿದುಹೋಗುವ ಇಳಿಜಾರಿನಲ್ಲಿ, ಕಲ್ಲು ಮರಳು ಬೆರೆತ ನೆಲದಲ್ಲಿ ಬೆಳೆಸುತ್ತಾರೆ. ಬಳ್ಳಿಗೆ ಹಿತವಾದ ಆ ನೆಲವೇ ಹಾದಿಗೂ ಹಿತವಾದುದು. ಮಳೆ ನಿಂತ ಕೆಲವು ಗಂಟೆಗಳಲ್ಲಿಯೇ ಅದು ಗಟ್ಟಿಯಾಗುತ್ತದೆ. ತೋಟದಿಂದ ತೋಟಕ್ಕೆ ಗೊಬ್ಬರವನ್ನು ಒಯ್ಯಲೂ ಹಣ್ಣನ್ನು ತರಲೂ ಬಂಡಿಯ ಹಾದಿ ಬೇಕು; ಆದರೆ ಆ ಹಾದಿಯಲ್ಲಿ ದೂರದ ವಾಹನಗಳ ದಟ್ಟಣೆ ಇಲ್ಲ. ಬೈಸಿಕಲ್ಲಿಗೆ ಬೇಕಾದುದು ಇಷ್ಟೇ. ಕಾಡಿನ ತಪ್ಪಲಿನಲ್ಲಿಯೂ ಇದೇ ಸ್ಥಿತಿ: ಬೆಟ್ಟದಿಂದ ಇಳಿದ ಗರಸು, ಇಳಿಜಾರು, ಮರದ ನೆರಳು, ವಿರಳ ಸಂಚಾರ.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ಉದಾಹರಣೆಯು ನಂದಿಬೆಟ್ಟದ ತಪ್ಪಲು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, 1,478 ಮೀಟರ್ ಎತ್ತರದ ಈ ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಪ್ರಾಚೀನ ದೇವಾಲಯವಿದೆ. ಹತ್ತಿರದ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಸುತ್ತಣ ಕೆಂಪು ನೆಲದಲ್ಲಿ 'ಬೆಂಗಳೂರು ನೀಲಿ' ಎಂಬ ದ್ರಾಕ್ಷಿಯನ್ನು ಚಪ್ಪರಗಳ ಮೇಲೆ ಬೆಳೆಯುವುದು ಬಹುಕಾಲದ ರೂಢಿ. ಈ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. 1980ರ ದಶಕದ ಕೊನೆಯಿಂದ ಇಲ್ಲಿ ದ್ರಾಕ್ಷಾರಸ ತಯಾರಿಕೆಗೆಂದು ಫ್ರೆಂಚ್ ತಳಿಗಳನ್ನೂ ಬೆಳೆಯತೊಡಗಿದರು. 2007ರಲ್ಲಿ ಕರ್ನಾಟಕ ಸರ್ಕಾರವು ಅದಕ್ಕೆಂದೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಆ ಪಾನೀಯದ ಗುಣದೋಷ ನಮ್ಮ ವಿಷಯವಲ್ಲ; ಆ ತೋಟಗಳ ನಡುವಣ ಹಾದಿಗಳು ಮಾತ್ರ ನಮ್ಮ ವಿಷಯ. ಬೆಂಗಳೂರಿನ ಸವಾರರು ರಜಾದಿನಗಳಲ್ಲಿ ಬೆಳಗಿನ ಜಾವವೇ ಹೊರಟು, ಕೆಲವರು ಟಾರುರಸ್ತೆಯಲ್ಲಿ ಬೆಟ್ಟವನ್ನೇರುತ್ತಾರೆ. ಮತ್ತೆ ಕೆಲವರು ಹೆದ್ದಾರಿಯನ್ನು ಬಿಟ್ಟು, ಚಪ್ಪರಗಳ ಮಗ್ಗುಲಲ್ಲಿ, ಕೆರೆಯ ಏರಿಗಳ ಮೇಲೆ, ಹಳ್ಳಿಯಿಂದ ಹಳ್ಳಿಗೆ ಸಾಗುವ ಗರಸುಹಾದಿಗಳನ್ನು ಹಿಡಿಯುತ್ತಾರೆ. ಆದರೆ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣ ಆರಂಭವಾದ ಬಳಿಕ ಆ ಸೀಮೆಯ ಭೂಮಿಯ ಬೆಲೆ ಏರಿ, ಹೊಲತೋಟಗಳು ಬಡಾವಣೆಗಳಾಗುತ್ತ ಬಂದಿವೆ. ಹೊಲ ಹೋದಲ್ಲಿ ಹೊಲದ ಹಾದಿಯೂ ಹೋಗುವುದು.

ಬೈಸಿಕಲ್ಲು ಮತ್ತು ಸವಾರಿಯ ಕ್ರಮ

ಗರಸುಹಾದಿಗೆಂದು ಈಚೆಗೆ ತಯಾರಾಗುವ ಬೈಸಿಕಲ್ಲುಗಳು ಪಂದ್ಯದ ಬೈಸಿಕಲ್ಲಿನಂತೆ ಬಾಗಿದ ಹಿಡಿಯನ್ನು ಹೊಂದಿದ್ದರೂ, ಅವುಗಳ ಟೈರು ಅಗಲವಾದುದು. ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್. ಏರು ಹತ್ತಲು ಹಗುರವಾದ ಗೇರುಗಳೂ, ಕೆಸರಿನಲ್ಲಿಯೂ ಹಿಡಿಯುವ ತಟ್ಟೆಯ ಬ್ರೇಕುಗಳೂ ಅವುಗಳಿಗುಂಟು. ಅವುಗಳ ಬೆಲೆ ಕೇಳಿದರೆ ಬಡವನು ಬೆದರಬೇಕು. ಆದರೆ ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆಗಳನ್ನು ಹೊತ್ತು ತಿರುಗಿದ ಸಾಧಾರಣ ಕರಿಯ ಬೈಸಿಕಲ್ಲಿನ ಟೈರನ್ನು ಅಳೆದು ನೋಡಿರಿ. ಅದರ ಮೇಲೆ ಬರೆದಿರುವ ಅಳತೆ 28 ಅಂಗುಲಕ್ಕೆ 1½ ಅಂಗುಲ. ಎಂದರೆ ಸುಮಾರು 38ರಿಂದ 40 ಮಿಲಿಮೀಟರ್ ಅಗಲ. ಪಾಶ್ಚಾತ್ಯರು ಹೊಸದಾಗಿ ಕಂಡುಕೊಂಡ ಅಗಲವು ನಮ್ಮ ಹಾಲಿನವನ ಬೈಸಿಕಲ್ಲಿಗೆ ಮೊದಲಿನಿಂದಲೂ ಇದೆ. ಅದಕ್ಕೆ ಇಲ್ಲದಿರುವುದು ಹಗುರವಾದ ಮೈ ಮತ್ತು ಗೇರು ಮಾತ್ರ.

ಅಗಲ ಟೈರಿನ ಪ್ರಯೋಜನವೇನು? ಬಿರುಸಾಗಿ ಗಾಳಿ ತುಂಬಿದ ತೆಳು ಟೈರು ಸಣ್ಣ ಕಲ್ಲಿನ ಮೇಲೆ ಹಾಯುವಾಗ ಬೈಸಿಕಲ್ಲೂ ಸವಾರನೂ ಕೂಡಿ ಮೇಲಕ್ಕೆ ನೆಗೆಯಬೇಕಾಗುತ್ತದೆ. ಪ್ರತಿಯೊಂದು ನೆಗೆತದಲ್ಲಿಯೂ ಕಾಲಿನ ಶಕ್ತಿ ವ್ಯಯವಾಗುತ್ತದೆ. ಮಿದುವಾಗಿ ಗಾಳಿ ತುಂಬಿದ ಅಗಲ ಟೈರಾದರೆ ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಸಾಗುತ್ತದೆ; ನೆಲವನ್ನು ಹಿಡಿಯುವ ಪ್ರದೇಶವೂ ಹೆಚ್ಚುವುದರಿಂದ ಜಾರುವುದು ಕಡಮೆ. ತೆಳು ಟೈರಿಗೆ ಚದರ ಅಂಗುಲಕ್ಕೆ 80ರಿಂದ 100 ಪೌಂಡು ಒತ್ತಡ ತುಂಬುವಲ್ಲಿ, ಅಗಲ ಟೈರಿಗೆ ಅದರ ಅರ್ಧ ಸಾಕು. ಆದರೆ ಹೊರೆ ಹೇರುವ ಬೈಸಿಕಲ್ಲಿಗೆ ಈ ಲೆಕ್ಕ ಸಲ್ಲದು. ಒತ್ತಡ ತೀರ ಕಡಮೆಯಾದರೆ ಟ್ಯೂಬು ಚಕ್ರದ ಅಂಚಿಗೂ ಕಲ್ಲಿಗೂ ಸಿಕ್ಕಿ ಸೀಳುವುದು.

ಸವಾರಿಗೂ ಒಂದು ಶಿಸ್ತುಂಟು. ಸಡಿಲವಾದ ಗರಸಿನ ಮೇಲೆ ಮುಂಚಕ್ರದ ಬ್ರೇಕನ್ನು ಥಟ್ಟನೆ ಹಿಡಿಯಬಾರದು. ತಿರುವಿನೊಳಗೆ ಬ್ರೇಕು ಹಿಡಿಯದೆ, ತಿರುವಿಗೆ ಮುಂಚೆಯೇ ವೇಗವನ್ನು ಇಳಿಸಿಕೊಳ್ಳತಕ್ಕದ್ದು. ಕಣ್ಣು ಮುಂಚಕ್ರದ ಮೇಲಿರದೆ ಹತ್ತು ಹದಿನೈದು ಮಾರು ಮುಂದಿರಬೇಕು. ಹಿಡಿಯನ್ನು ಬಿಗಿಯಾಗಿ ಅದುಮದೆ, ಬಂಡಿಯ ಚಕ್ರ ತುಳಿದು ಗಟ್ಟಿಯಾದ ಜಾಡಿನಲ್ಲಿ ಸಾಗಬೇಕು. ಮರಳು ಸಿಕ್ಕಿದರೆ ತುಳಿಯುವುದನ್ನು ನಿಲ್ಲಿಸಬಾರದು. ನಿಂತ ಚಕ್ರ ಹೂಳುವುದು. ಟ್ಯೂಬು, ಪಂಪು, ತೇಪೆಯ ಸಾಮಾನು, ಕುಡಿಯುವ ನೀರು ಇವಿಲ್ಲದೆ ಊರು ಬಿಡಬಾರದು. ಒಬ್ಬಂಟಿಯಾಗಿ ಹೋಗುವುದಕ್ಕಿಂತ ಇಬ್ಬರು ಮೂವರು ಕೂಡಿ ಹೋಗುವುದು ಲೇಸು.

ನಮ್ಮ ಸೀಮೆಯ ಹಾದಿಗಳು

ಇನ್ನು ನಮ್ಮ ಸೀಮೆಯ ವಿಚಾರ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ, ಕನ್ನಡ ಮಾತಿನ ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಹೊಲಗಳ ಮಗ್ಗುಲಲ್ಲಿಯೇ ರಾಜ್ಯದ ಗಡಿ ಹಾಯುತ್ತದೆ. ತೆಂಕಲಿಗೆ ತಲಮಲೆಯ ಕಾಡು, ಅದರಾಚೆ ಮೋಯಾರ್ ನದಿಯ ಆಳವಾದ ಕೊರಕಲು. ಮೂಡಲಿಗೆ ಹಾಸನೂರಿನ ಕಾಡು, ಬಿಳಿಗಿರಿರಂಗನ ಬೆಟ್ಟಗಳ ಸಾಲು. ಬಯಲುಸೀಮೆಯಿಂದ ನಮ್ಮಲ್ಲಿಗೆ ಬರಬೇಕಾದವರು ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಬೇಕು. ಇಲ್ಲಿ ದ್ರಾಕ್ಷಿಯ ಚಪ್ಪರಗಳಿಲ್ಲ. ಅದಕ್ಕೆ ಬದಲಾಗಿ ರಾಗಿ, ಜೋಳ, ಕಬ್ಬು, ಬಾಳೆ, ಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿಗಳ ಹೊಲತೋಟಗಳಿವೆ. ಬಂಡೆಯು ಕಾಲಕ್ರಮದಲ್ಲಿ ಶಿಥಿಲವಾಗಿ ಆದ ಗರಸೇ ನಮ್ಮ ಹಳೆಯ ಬಂಡಿಹಾದಿಗಳ ಮೈ.

ಸವಾರನ ದೃಷ್ಟಿಯಿಂದ ಈ ಹಾದಿಗಳನ್ನು ಮೂರು ವರ್ಗಗಳಾಗಿ ಎಣಿಸಬಹುದು. ಮೊದಲನೆಯದು ಊರಿಂದೂರಿಗೆ ಹೊಲಗಳ ನಡುವೆ ಸಾಗುವ ಹಾದಿ. ಗೆಟ್ಟವಾಡಿಯಾಗಲಿ, ದೀಪಾವಳಿಯ ಗೊರೆಹಬ್ಬಕ್ಕೆ ಹೆಸರಾದ ಗುಮಟಾಪುರವಾಗಲಿ, ನಟ ರಾಜ್‌ಕುಮಾರರ ಹುಟ್ಟೂರಾದ ದೊಡ್ಡ ಗಾಜನೂರಾಗಲಿ, ಇಂಥ ಊರುಗಳ ಸುತ್ತಣ ತೆರೆದ ಹಾದಿಗಳು ಹಗಲಿನಲ್ಲಿ ನಿರಪಾಯವಾದುವು. ಹೊರಗಿನಿಂದ ಬಂದ ಸವಾರನು ಇವುಗಳಲ್ಲಿ ಸಾಗುವಾಗ, ಹಾದಿ ಯಾರ ಹೊಲದ ಬದುವಿನ ಮೇಲೆ ಹಾಯುತ್ತದೆಯೋ ಅವರನ್ನು ಕೇಳಿ ಸಾಗತಕ್ಕದ್ದು. ಒಕ್ಕುವ ಕಾಲದಲ್ಲಿ ಹಾದಿಯ ಮೇಲೆ ಕಾಳು ಹರಡಿದ್ದರೆ ಇಳಿದು ಸುತ್ತಿ ಹೋಗತಕ್ಕದ್ದು.

ಎರಡನೆಯದು ಕಾಡಂಚಿನ ಹಾದಿ. ಕಣ್ಣಿಗೆ ಅತ್ಯಂತ ರಮ್ಯವಾದುದೂ, ಹೆಚ್ಚು ಎಚ್ಚರಿಕೆಯನ್ನು ಬೇಡುವುದೂ ಇದೇ. ಮುಂಜಾವದಲ್ಲಿಯೂ ಸಂಜೆಗತ್ತಲಲ್ಲಿಯೂ ಆನೆಗಳು ಕಾಡಿನಿಂದ ಹೊಲಕ್ಕೆ, ಹೊಲದಿಂದ ಕಾಡಿಗೆ ದಾಟುವ ಎಡೆ ಇದು. ಮೋಟಾರಿನ ಸದ್ದನ್ನು ಆನೆಯು ದೂರದಿಂದಲೇ ಅರಿತು ಸರಿಯಬಲ್ಲುದು, ಬೈಸಿಕಲ್ಲಾದರೋ ನಿಶ್ಶಬ್ದವಾದುದು. ತಿರುವಿನಲ್ಲಿ ಆನೆಯೂ ಸವಾರನೂ ಒಬ್ಬರನ್ನೊಬ್ಬರು ಅರಿಯದೆ ಹತ್ತಿರಕ್ಕೆ ಬಂದುಬಿಡುವ ಅಪಾಯವಿದೆ. ಆದುದರಿಂದ ಹೊತ್ತು ಚೆನ್ನಾಗಿ ಏರಿದ ಮೇಲೆಯೇ ಹೊರಟು, ಇಳಿಹೊತ್ತಿಗೆ ಮುಂಚೆಯೇ ಹಿಂದಿರುಗಬೇಕು. ಹಾದಿಯಲ್ಲಿ ಹಸಿಯ ಲದ್ದಿ, ಮುರಿದ ಕೊಂಬೆ ಕಂಡರೆ ಮುಂದೆ ಹೋಗಬಾರದು. ಹೊಲಗಳನ್ನು ಬಹುಕಾಲ ಕಾಡಿದ, ಜನರು 'ಕರುಪ್ಪನ್' ಎಂದು ಹೆಸರಿಟ್ಟ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಪಳಗಿದ ಆನೆಗಳ ನೆರವಿನಿಂದ ಹಿಡಿದು ಸಾಗಿಸಬೇಕಾಯಿತೆಂಬುದನ್ನು ನಮ್ಮ ಸೀಮೆಯವರು ಮರೆತಿಲ್ಲ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಎಚ್ಚರವಿದ್ದು ಬೆಳೆ ಕಾಯುವ ರೈತನಿಗೆ ಈ ಕಾಡಂಚು ವಿಹಾರಸ್ಥಳವಲ್ಲ, ಬದುಕಿನ ಗಡಿ. ಆತನ ಮಾತನ್ನು ಕೇಳದೆ ಯಾವ ಸವಾರನೂ ಇಲ್ಲಿ ಚಕ್ರ ಹೊರಳಿಸಬಾರದು.

ಮೂರನೆಯದು ಕಾಡಿನ ಒಳಹಾದಿ. ಸೋಲಿಗರ ಮತ್ತು ಊರಾಳಿಗರ ಹೆಜ್ಜೆಗಳಿಂದ ಮೂಡಿದ ಜಾಡುಗಳೂ, ಅರಣ್ಯ ಇಲಾಖೆಯವರು ಗಸ್ತಿಗೆಂದು ಮಾಡಿದ ಹಾದಿಗಳೂ ಈ ವರ್ಗದವು. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಗಿ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 1,408 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ವನ್ಯಜೀವಿಧಾಮದಲ್ಲಿ ಸಾರ್ವಜನಿಕ ಹೆದ್ದಾರಿಯ ಮೇಲೆ ಹಾದುಹೋಗುವವರನ್ನೂ, ಒಳಗೆ ಭೂಮಿಯ ಹಕ್ಕುಳ್ಳವರೇ ಮೊದಲಾದ ಕೆಲವರನ್ನೂ ಬಿಟ್ಟು, ಅಪ್ಪಣೆಯಿಲ್ಲದೆ ಯಾರೂ ಪ್ರವೇಶಿಸಲಾಗದು. ಈ ಒಳಹಾದಿಗಳು ನಕ್ಷೆಯಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಸವಾರನ ಪಾಲಿಗೆ ಮುಚ್ಚಿದ ಹಾದಿಗಳೇ. ಅಪಾಯ ಆನೆಹುಲಿಗಳಿಂದ ಮಾತ್ರ ಬರುವುದಲ್ಲ; 2018ರ ಮಾರ್ಚ್ 11ರಂದು ಥೇನಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಎದ್ದ ಕಾಡುಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಾರಣಿಗರು ಪ್ರಾಣ ಕಳೆದುಕೊಂಡರು. ಬೇಸಗೆಯ ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಯು ಮನುಷ್ಯನಿಗಿಂತ ವೇಗವಾಗಿ ಮೇಲಕ್ಕೇರುತ್ತದೆ. ಟಾರು ಹಾಕಿದ ಹೆದ್ದಾರಿಗೂ ಕಾಡಿನಲ್ಲಿ ಮಿತಿಯುಂಟು: ಬಣ್ಣಾರಿಯಿಂದ ಕಾರಪಳ್ಳದವರೆಗಿನ ರಸ್ತೆಯಲ್ಲಿ 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು.

ಗರಸುಹಾದಿಯ ಪಾಲನೆ

ಇಷ್ಟನ್ನು ಓದಿದ ವಾಚಕರು, 'ಹೊರಗಿನವರ ವಿನೋದಕ್ಕಾಗಿ ನಾವು ಮಣ್ಣಿನ ಹಾದಿಯಲ್ಲಿಯೇ ಇರಬೇಕೇ?' ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಹೆರಿಗೆಯ ನೋವಿನಲ್ಲಿರುವ ತಾಯಿಯನ್ನು ಆಸ್ಪತ್ರೆಗೆ ಒಯ್ಯಲು, ಬಾಡುವ ತರಕಾರಿಯನ್ನು ಸಂತೆಗೆ ಮುಟ್ಟಿಸಲು ಸರ್ವಋತುವಿನ ರಸ್ತೆ ಬೇಕೇ ಬೇಕು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಗುರಿಯೂ ಅದೇ. ಊರಿಗೊಂದು ಒಳ್ಳೆಯ ಟಾರುರಸ್ತೆ ಇರಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲ, ತೋಟ, ಕೆರೆ, ಹಟ್ಟಿಗಳಿಗೆ ಹೋಗುವ ಹಾದಿಗಳೆಲ್ಲಕ್ಕೂ ಟಾರು ಬರುವುದು ಶಕ್ಯವೂ ಅಲ್ಲ, ಅವಶ್ಯವೂ ಅಲ್ಲ. ಟಾರು ಬರುವವರೆಗೆ ಏನೂ ಮಾಡಬೇಕಾದುದಿಲ್ಲವೆಂದು ಅವನ್ನು ಪಾಳುಬಿಡುವುದೇ ನಮ್ಮ ನಿಜವಾದ ಕೊರತೆ. ಗರಸುಹಾದಿಯು ಹಾದಿಯ ಅಭಾವವಲ್ಲ. ಅದೂ ಹಾದಿಯ ಒಂದು ಬಗೆ, ತನ್ನದೇ ಆದ ಪಾಲನೆಯನ್ನು ಬೇಡುವ ಬಗೆ.

ಆ ಪಾಲನೆಯ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನೀರನ್ನು ಹಾದಿಯ ಮೇಲೆ ನಿಲ್ಲಗೊಡಬಾರದು. ಹಾದಿಯ ನಡುಭಾಗವು ಅಂಚುಗಳಿಗಿಂತ ಎತ್ತರವಾಗಿರಬೇಕು. 25 ಅಡಿಗೆ 1 ಅಡಿಯ ಇಳಿಜಾರಿನ ಲೆಕ್ಕದಲ್ಲಿ, 12 ಅಡಿ ಅಗಲದ ಹಾದಿಯ ನಡುವು ಸುಮಾರು 3 ಅಂಗುಲ ಎತ್ತರವಿದ್ದರೆ ಸಾಕು. ಎರಡು ಮಗ್ಗುಲಲ್ಲಿಯೂ ಚರಂಡಿ ಇರಬೇಕು; ಹಳ್ಳ ಅಡ್ಡ ಬಂದಲ್ಲಿ ಮೋರಿ ಬೇಕು. ಹಾಸುವ ಗರಸಿನಲ್ಲಿ ಹರಳು, ಮರಳು, ಜೇಡಿ ಮೂರೂ ಹದವಾಗಿ ಬೆರೆತಿರಬೇಕು. ಹರಳು ಭಾರವನ್ನು ಹೊರುತ್ತದೆ, ಮರಳು ಸಂದುಗಳನ್ನು ತುಂಬುತ್ತದೆ, ಜೇಡಿಯು ಎಲ್ಲವನ್ನೂ ಹಿಡಿದಿಡುತ್ತದೆ. ಜೇಡಿ ಹೆಚ್ಚಾದರೆ ಮಳೆಗಾಲದಲ್ಲಿ ಕೆಸರು, ಕಡಮೆಯಾದರೆ ಬೇಸಗೆಯಲ್ಲಿ ಸಡಿಲು. ವಾಹನಗಳು ಒಂದು ಮಿತಿಗಿಂತ ವೇಗವಾಗಿ ಓಡಿದಲ್ಲಿ ಒಣಗಿದ ಗರಸು ಅಲೆಅಲೆಯಾಗಿ ಏಳುತ್ತದೆ. ನಿಧಾನವಾದ ಬಂಡಿಯಿಂದಲೂ ಬೈಸಿಕಲ್ಲಿನಿಂದಲೂ ಹಾಗಾಗುವುದಿಲ್ಲ. ಮಳೆಗಾಲಕ್ಕೆ ಮೊದಲು ಚರಂಡಿಯ ಹೂಳನ್ನು ತೆಗೆದು, ಮಳೆಗಾಲ ಕಳೆದ ಮೇಲೆ ಗುಂಡಿಗಳನ್ನು ಗರಸಿನಿಂದ ತುಂಬಿ ಅದುಮಿದರೆ ಅಂಥ ಹಾದಿಯು ಬಹುಕಾಲ ಬಾಳುತ್ತದೆ. ಇದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ; ಗುದ್ದಲಿ, ಬಾಂಡಲಿ, ದಿಮ್ಮಸು ಮತ್ತು ಊರಿನವರ ಒಮ್ಮನಸ್ಸು.

ಇದರ ಮೊದಲ ಲಾಭ ದೂರದ ಪ್ರವಾಸಿಗಲ್ಲ, ನಮ್ಮ ಮಕ್ಕಳಿಗೆ. ತಮಿಳುನಾಡು ಸರ್ಕಾರವು 11ನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚುತ್ತದೆ. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆಯ ಬಾಲಕಿಯರಿಗಾಗಿ ಇಂಥ ಯೋಜನೆ ಆರಂಭವಾದಾಗ, ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಪರೀಕ್ಷಿಸಿದರು. ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣವು ಶೇಕಡಾ 32ರಷ್ಟು ಏರಿತೆಂದೂ, ಈ ವಿಷಯದಲ್ಲಿ ಬಾಲಕ ಬಾಲಕಿಯರ ನಡುವಣ ಅಂತರವು ಶೇಕಡಾ 40ರಷ್ಟು ತಗ್ಗಿತೆಂದೂ, ಶಾಲೆಯಿಂದ ದೂರವಿರುವ ಹಳ್ಳಿಗಳಲ್ಲಿಯೇ ಈ ಫಲ ಹೆಚ್ಚಾಗಿತ್ತೆಂದೂ ಅವರು ಕಂಡುಕೊಂಡರು. ಆದರೆ ಬೈಸಿಕಲ್ಲು ಕೊಟ್ಟರೆ ಸಾಲದು. ಅದು ಉರುಳುವ ಹಾದಿಯೂ ಬೇಕು. ಕೊರಕಲು ಬಿದ್ದ ಹಾದಿಯಲ್ಲಿ ಇಳಿದು ತಳ್ಳಬೇಕಾದ ಬಾಲಕಿಯು ಹೊತ್ತು ಮುಳುಗುವುದರೊಳಗೆ ಮನೆ ಸೇರಲಾರಳು. ಕಾಡಂಚಿನ ಊರಿನಲ್ಲಿ ಆ ಅರ್ಧ ಗಂಟೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಆಕೆಗೆ ಅನುಕೂಲವಾದ ಹಾದಿಯು ಹೊರಗಿನ ಸವಾರನಿಗೂ ಅನುಕೂಲವೇ.

ನಮ್ಮ ಶಾಲೆಗಳ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಭೂಗೋಳದ ತರಗತಿಯಲ್ಲಿ ದೂರದೇಶಗಳ ನಕ್ಷೆಗಳೊಡನೆ ತಮ್ಮ ಊರಿನ ಹಾದಿಗಳ ನಕ್ಷೆಯನ್ನೂ ಮಕ್ಕಳಿಂದ ಬರೆಯಿಸಬಹುದು. ಯಾವ ಹಾದಿ ಗರಸಿನದು, ಯಾವುದು ಜೇಡಿಯದು, ಯಾವ ತಿಂಗಳಲ್ಲಿ ಯಾವುದು ಕೆಸರಾಗುತ್ತದೆ, ಆನೆ ದಾಟುವ ಎಡೆ ಯಾವುದು, ಮೋರಿ ಒಡೆದಿರುವುದೆಲ್ಲಿ ಎಂಬುದನ್ನು ಹಿರಿಯರನ್ನು ಕೇಳಿ ಗುರುತಿಸಲಿ. ಅಂಥ ನಕ್ಷೆಯನ್ನು ಪಂಚಾಯತಿಯ ಮುಂದಿಟ್ಟರೆ ಅದೊಂದು ಬಲವಾದ ಮನವಿಯಾಗುವುದು. ಹೊರಗಿನಿಂದ ಬಂದವರ ಕೈಗಿತ್ತರೆ, ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬ ತಿಳಿವಳಿಕೆಯಾಗುವುದು. ಕಿಯಾಂತಿಯ ಜನ ತಮ್ಮ ಬಿಳಿಯ ಹಾದಿಗಳನ್ನು ಉಳಿಸಿಕೊಂಡದ್ದು ಅವುಗಳ ಬೆಲೆಯನ್ನು ತಾವು ಮೊದಲು ಅರಿತುದರಿಂದ. ನಮ್ಮ ಕೆಂಪು ಹಾದಿಗಳ ಬೆಲೆಯನ್ನು ನಾವು ಅರಿಯುವುದಕ್ಕೆ ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಚರಂಡಿಯ ಹೂಳು ತೆಗೆಯುವುದೇ ತಕ್ಕ ಆರಂಭ.